ಅ ಎಂದರೆ ಅಳಿಸು

ಹಲ್ಲುಜ್ಜುತ್ತಿರುವಾಗ ಹೆಂಡತಿ ಬಚ್ಚಲುಮನೆಯ ಬಾಗಿಲಿಗೆ ಒರಗಿ ನಿಂತು, "ನಿನ್ನ ಆಫೀಸಲ್ಲಿ ಒಬ್ಬ ಮಹಾ ಅಯೋಗ್ಯ ಇದಾನೆ, ಯಾರು ಅಂತ ಪತ್ತೆ ಮಾಡು" ಎಂದಳು. ಅವನ ಬಾಯಿ ತುಂಬ ನೊರೆಯಿತ್ತು. ಜೀವನದಲ್ಲಿ ಮೊದಲ ಸಲ ಟೂತ್‌ಪೇಸ್ಟಿನ ಬಗ್ಗೆ ಅವನಿಗೆ ಕೃತಜ್ಞತೆ ಉಕ್ಕಿತು. ಹುಬ್ಬು ಮೇಲೇರಿಸಿ, ಯಾಕೆ ಏನಾಯಿತು ಎಂಬಂತೆ ತಲೆಯಾಡಿಸಿ, ಉಜ್ಜಿದ್ದ ಹಲ್ಲನ್ನೇ ಮತ್ತೆ ಉಜ್ಜತೊಡಗಿದ. ಏನಾಯಿತು ಎಂದು ಅವಳು ಬಾಯಿಬಿಡುವ ಮೊದಲೇ ಅವನಿಗೆ ಗೊತ್ತಾಗಿತ್ತು. ಅವಳು ಕೋರ್ಟಿನಲ್ಲಿ ಬೆರಳಚ್ಚುಗಾರ್ತಿ. ಸಾಕ್ಷಿಗಳು ಹೇಳಿದ್ದನ್ನು ಹೇಳಿದ ಹಾಗೇ ಟೈಪು ಮಾಡುವವಳು. ಅವಳು ಟೈಪು ಮಾಡುವ ವೆಬ್ ಪುಟವನ್ನು ತಯಾರಿಸಿದ್ದು ಅವನ ಕಂಪನಿ. ಆ ಪುಟದ ಗುಂಡಿಗಳ ಮೇಲಿನ ಮಾತುಗಳನ್ನೆಲ್ಲ ಇಂಗ್ಲಿಷಿನಿಂದ ಕನ್ನಡಕ್ಕೆ ತಂದವನು ಅವನು. ಈವರೆಗೆ ಇದರಿಂದ ಸಂಸಾರಕ್ಕೆ ಲಾಭವೂ ಆಗಿರಲಿಲ್ಲ, ನಷ್ಟವೂ ಆಗಿರಲಿಲ್ಲ. "ಈ ವಾರ ಕೀಲಿಗಳನ್ನೆಲ್ಲ ಉಲ್ಟಾಪಲ್ಟಾ ಮಾಡಿಟ್ಟಿದಾನೆ ಕಣೋ. ಸೇವ್ ಮಾಡೋಕೆ ಹೋದ್ರೆ ಹೊಸ ಪುಟ ಬರುತ್ತೆ. ಹೊಸ ಪುಟ ಬೇಕು ಅಂತ ಒತ್ತಿದ್ರೆ ಇರೋದೂ ಹೊರಟುಹೋಗುತ್ತೆ. ನಿನ್ನೆ ತುಂಬಿದ ಕೋರ್ಟಲ್ಲಿ ಜಡ್ಜು ನನ್ನ ಏನು ಕೇಳಿದ್ರು ಗೊತ್ತಾ? 'ಏನಮ್ಮಾ, ನಿದ್ದೆ ಬಂತಾ?' ಅಂತ. ನನ್ನ! ವಕೀಲರೆಲ್ಲ ಕಿಸಕ್ಕಂದ್ರು."

ಇನ್ನು ಉಜ್ಜಿದರೆ ಒಸಡು ಕಿತ್ತು ಬರುತ್ತದೆ ಅನ್ನಿಸಿದಾಗ ಉಗಿದು, "ವಿಚಾರಿಸ್ತೀನಿ" ಎಂದ. "ವಿಚಾರಿಸೋದಲ್ಲ, ಅವನ ಬೆರಳು ಮುರಿದು ಬಾ" ಎಂದು ಅವಳು ಅಡುಗೆಮನೆಯ ಕಡೆ ತಿರುಗಿ, ಎರಡು ಹೆಜ್ಜೆ ಹೋಗಿ, ಪಾಪ ಎನ್ನುವ ದನಿಯಲ್ಲಿ, "ನೀನೇನು ಮಾಡ್ತೀಯ ಬಿಡು, ನೀನು ಬರೀ ಪದಗಳವನು. ಕೀಲಿ ಎಲ್ಲ ಎಂಜಿನಿಯರುಗಳು ನೋಡ್ಕೋತಾರೆ" ಎಂದಳು. ಕನ್ನಡಿಯಲ್ಲಿ ಅಯೋಗ್ಯನ ಗಲ್ಲದ ಮೇಲೆ ಒಂದು ಬಿಳಿ ಹನಿ ಜಾರುತ್ತಿತ್ತು. ಹೇಳಬೇಕಾದದ್ದು ಒಂದೇ ವಾಕ್ಯ. ಅದನ್ನು ಬಿಟ್ಟು ಅವನು, "ತಿಂಡಿ ಏನು?" ಎಂದು ಕೇಳಿದ.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟೇ ಸಿಕ್ಕರೂ ಸುಖವಿರಲಿಲ್ಲ. ಅಯೋಗ್ಯ ಎಂದದ್ದನ್ನು ಹೇಗೋ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು, 'ಬರೀ ಪದಗಳವನು' ಎಂದದ್ದು ಬೂಟಿನೊಳಗಿನ ಕಲ್ಲಿನ ಹಾಗೆ ಒತ್ತುತ್ತಿತ್ತು. ಅಯೋಗ್ಯನಿಗಾದರೂ ಒಂದು ವ್ಯಕ್ತಿತ್ವವಿದೆ. ಪದಗಳವನು ಎಂದರೆ ಗುಂಪಿನ ಫೋಟೋ ತೆಗೆಯಲು ನಿಂತವನ ಹಾಗೆ, ಎಲ್ಲ ಕಡೆಯೂ ಇದ್ದು ಯಾವ ಫೋಟೋದಲ್ಲೂ ಇಲ್ಲದವನು. ಎಷ್ಟೋ ವರ್ಷಗಳಿಂದ ಸರಿ, ಬೇಡ, ಮುಂದೆ, ಹಿಂದೆ, ದಯವಿಟ್ಟು ಕಾಯಿರಿ ಎಂದು ಬರೆದು ಬರೆದು ಇಟ್ಟಿದ್ದ. 'ಕಾಯಿರಿ'ಯೋ 'ಕಾದಿರಿ'ಯೋ ಎಂದು ಒಂದು ವಾರ ನಿದ್ದೆಗೆಟ್ಟಿದ್ದ. ಜನ ಅವನ ಪದಗಳನ್ನು ಕರೆಗಂಟೆ ಒತ್ತುವ ಹಾಗೆ ಒತ್ತುತ್ತಿದ್ದರೇ ಹೊರತು ಒಬ್ಬರೂ ಓದುತ್ತಿರಲಿಲ್ಲ. ಆಫೀಸಿನಲ್ಲಿ ಅವನನ್ನು ಪಂಡಿತ ಎಂದು ಕರೆಯುತ್ತಿದ್ದರು. ಆ ಕರೆಯಲ್ಲಿ ಗೌರವ ಎಷ್ಟು, ಕೀಟಲೆ ಎಷ್ಟು ಎಂದು ಸೋಸಿ ನೋಡುವ ಧೈರ್ಯವನ್ನು ಅವನು ಮಾಡಿರಲಿಲ್ಲ. ಹೀಗಿರುವಾಗ ಒಂದು ಮೀಟಿಂಗಿನಲ್ಲಿ, ಎಂದೂ ಬಾಯಿ ತೆರೆಯದವನು, ಎದ್ದು ನಿಂತುಬಿಟ್ಟಿದ್ದ. ದೊಡ್ಡ ಪರದೆಯ ಮೇಲೆ 'ಉಳಿಸು' ಎಂಬ ಅವನ ಪದ, ಅದರ ಪಕ್ಕದಲ್ಲಿ, ಅದನ್ನು ಬೇಗ ಮಾಡಲು ಒತ್ತಬೇಕಾದ ಕೀಲಿಯೆಂದು ಇಂಗ್ಲಿಷಿನ ಎಸ್. "ಉಳಿಸು ಅನ್ನೋದಕ್ಕೂ ಎಸ್‌ಗೂ ಏನು ಸಂಬಂಧ? ಸೇವ್ ಅನ್ನೋರಿಗೆ ಎಸ್. ಉಳಿಸು ಅನ್ನೋರಿಗೆ ಉ ಬೇಡವಾ? ಉಳಿಸು ಅನ್ನೋದರಲ್ಲಿ ಎಸ್ ಎಲ್ಲಿದೆ, ತೋರಿಸಿ!" ಎಂದು ಮೇಜು ಗುದ್ದಿದ್ದ. "ಕೊನೇಲಿ ಇದೆಯಲ್ಲ ಸರ್, ಸು" ಎಂದಿದ್ದ ಕಡ್ಡಿ. ಕಡ್ಡಿ ಎಂದರೆ ಕೀಲಿಗಳ ಕೆಲಸ ನೋಡಿಕೊಳ್ಳುವ ಎಂಜಿನಿಯರು. ಪಕ್ಕಕ್ಕೆ ತಿರುಗಿ ನಿಂತರೆ ಕಾಣದಷ್ಟು ತೆಳ್ಳಗಿನವನು. ಎಲ್ಲರೂ ನಕ್ಕಿದ್ದರು. ಆ ನಗುವೇ ಅವನನ್ನು ಏರಿಸಿಬಿಟ್ಟಿತ್ತು. ಭಾಷೆ ಬದಲಾದರೆ ಕೀಲಿಯೂ ಬದಲಾಗಬೇಕು. ನಮ್ಮವರು ನಮ್ಮ ಅಕ್ಷರ ಹಿಡಿದು ಕೆಲಸ ಮಾಡಬೇಕು. ಉ ಒತ್ತಿದರೆ ಉಳಿಯಬೇಕು, ಸ ಒತ್ತಿದರೆ ಹೊಸ ಪುಟ ಸೇರಬೇಕು, ಅ ಒತ್ತಿದರೆ ಅಳಿಯಬೇಕು ಎಂದು ಕಂಠ ಗದ್ಗದವಾಗುವವರೆಗೆ ಮಾತಾಡಿದ್ದ. ಆ ದಿನಗಳಲ್ಲಿ 'ಸ್ಥಳೀಯ ಸ್ಪರ್ಶ' ಎನ್ನುವುದು ಕಂಪನಿಯಲ್ಲಿ ಚಾಲ್ತಿಯಲ್ಲಿದ್ದ ಮಾತಾದ್ದರಿಂದ ತಂಡದ ಮುಖ್ಯಸ್ಥೆ ಮೇಡಂ ಕೂಡಲೇ ಒಪ್ಪಿದ್ದರು. ಬದುಕಿನಲ್ಲಿ ಅವನು ಗೆದ್ದ ಒಂದೇ ಒಂದು ವಾದ ಅದು. ಆ ಸಂಜೆ ಮನೆಯಲ್ಲಿ ಗುನುಗುತ್ತಾ ಓಡಾಡುತ್ತಿದ್ದವನನ್ನು ಹೆಂಡತಿ, "ಏನಿವತ್ತು, ಗಂಟಲು ಸರಿ ಇಲ್ವಾ?" ಎಂದು ಕೇಳಿದ್ದಳು. ಏನಿಲ್ಲ ಎಂದಿದ್ದ. ಗೆದ್ದದ್ದನ್ನು ಸ್ವಲ್ಪ ದಿನ ಒಬ್ಬನೇ ಚಪ್ಪರಿಸೋಣ ಎಂಬ ಆಸೆ.

ಆಫೀಸಿನ ಲಿಫ್ಟಿನಲ್ಲಿ ಕಡ್ಡಿ ಸಿಕ್ಕಿ, "ಪಂಡಿತರೇ, ಇವತ್ತು ನಿಮಗೆ ಮಂಗಳಾರತಿ" ಎಂದ. ಮೀಟಿಂಗ್ ಕೋಣೆಯಲ್ಲಿ ಮೇಡಂ ಆಗಲೇ ಕೂತಿದ್ದರು. ಅವರಿಗೆ ಯಾವ ವಿಷಯದಲ್ಲೂ ಸ್ವಂತ ಅಭಿಪ್ರಾಯ ಇರಲಿಲ್ಲ. ಹಾಗಾಗಿ ತೀರ್ಮಾನಗಳನ್ನು ಬಹಳ ಬೇಗ ಮಾಡುತ್ತಿದ್ದರು. ಕೀಲಿ ಬದಲಾದ ಮೇಲೆ ದೂರುಗಳು ರಾಶಿ ಬಿದ್ದಿವೆಯೆಂದೂ, ಇಟ್ಟುಕೊಳ್ಳುವುದೋ ತೆಗೆಯುವುದೋ ಈಗಲೇ ನಿರ್ಧಾರವಾಗಬೇಕೆಂದೂ ಹೇಳಿದರು. "ಒಂದು ಸ್ಯಾಂಪಲ್ ಓದು" ಎಂದಾಗ ಕಡ್ಡಿ ಗಂಟಲು ಸರಿಮಾಡಿಕೊಂಡು, ನಾಟಕದವರ ಹಾಗೆ ಕೈಯೆತ್ತಿ ಓದತೊಡಗಿದ: "ಮಾನ್ಯರೇ, ನನ್ನ ತಲೆಗೆ ಎರಡು ಭಾಷೆ ಬರುತ್ತದೆ. ನನ್ನ ಬೆರಳಿಗೆ ಒಂದೂ ಬರುವುದಿಲ್ಲ. ಅವಕ್ಕೆ ಗೊತ್ತಿರುವುದು ಜಾಗ ಮಾತ್ರ. ಕರೆಂಟು ಹೋದಾಗ ಮನೆಯಲ್ಲಿ ತಡವರಿಸದೆ ನಡೆಯುವವರು ಬಾಗಿಲಿನ ಹೆಸರು ಕೂಗುತ್ತಾ ನಡೆಯುವುದಿಲ್ಲ. ಈ ಬದಲಾವಣೆ ಮಾಡಿದ ಮಹಾನುಭಾವರು ತಮ್ಮ ಮನೆಯ ಸ್ವಿಚ್ಚುಗಳನ್ನೂ ಅಕಾರಾದಿಯಾಗಿ ಜೋಡಿಸಿಕೊಂಡಿದ್ದಾರೆಯೇ ಎಂದು ತಿಳಿಯುವ ಕುತೂಹಲವಿದೆ." ಕೋಣೆ ಘೊಳ್ಳೆಂದಿತು. ಅವನೂ ನಕ್ಕ. ಅರ್ಧ ನಕ್ಕ ಮೇಲೆ ನಿಲ್ಲಿಸಿದ. ಮಹಾನುಭಾವರು. ತಿಳಿಯುವ ಕುತೂಹಲವಿದೆ. ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದ ಮಹಾನುಭಾವರು ಯಾರೆಂದು ತಿಳಿಯುವ ಕುತೂಹಲವಿದೆ. ಹಾಲಿನ ಪಾತ್ರೆಯನ್ನು ಖಾಲಿ ಮಾಡಿ ಫ್ರಿಜ್ಜಿನಲ್ಲಿಟ್ಟ ಮಹಾನುಭಾವರು ಯಾರೆಂದು ತಿಳಿಯುವ ಕುತೂಹಲವಿದೆ. ಇಷ್ಟು ವರ್ಷ ತಾನೊಬ್ಬನೇ ಕೇಳುತ್ತಿದ್ದ ವಾಕ್ಯಕ್ಕೆ ಈಗ ಕೋಣೆ ತುಂಬ ಜನ ನಗುತ್ತಿದ್ದಾರೆ. ಎಷ್ಟು ಚೆನ್ನಾಗಿ ಬರೆಯುತ್ತಾಳೆ ಎಂದು ಹೆಮ್ಮೆಯೂ ಆಯಿತು. ಆ ಹೆಮ್ಮೆಯನ್ನು ಎಲ್ಲಿ ಇಡುವುದೆಂದು ತಿಳಿಯಲಿಲ್ಲ.

"ಪಂಡಿತರೇ, ಅಷ್ಟೇನು ಕಷ್ಟ ಇದೆ ಇದರಲ್ಲಿ? ನೀವೇ ಒಂದ್ಸಲ ಮಾಡಿ ತೋರಿಸಿಬಿಡಿ" ಎಂದರು ಮೇಡಂ. ಅವನು ದೊಡ್ಡ ಪರದೆಯ ಮುಂದಿನ ಕೀಲಿಮಣೆಯ ಹತ್ತಿರ ಹೋಗಿ ಕೂತ. ಕೈ ತನ್ನಷ್ಟಕ್ಕೇ ಮೌಸಿನ ಮೇಲೆ ಹೋಯಿತು. "ಸರ್, ಮೌಸ್ ಅಲ್ಲ" ಎಂದ ಕಡ್ಡಿ, ಮೆತ್ತಗೆ. ಕೈ ತೆಗೆದ. ಒಂದು ಕ್ಷಣದಲ್ಲಿ ಅದು ಮತ್ತೆ ಮೌಸಿನ ಮೇಲಿತ್ತು, ಅಮ್ಮನ ಸೆರಗು ಬಿಡದ ಮಗುವಿನ ಹಾಗೆ. ಆಗ ಅವನಿಗೆ ಹೊಳೆಯಿತು: ತನ್ನ ಇಡೀ ಆಯುಷ್ಯದಲ್ಲಿ ತಾನು ಇಂಥ ಒಂದು ಕೀಲಿಯನ್ನೂ ಒತ್ತಿದವನಲ್ಲ. ಎಸ್‌ನ ಮೇಲೆ ಯುದ್ಧ ಸಾರಿದ ದಿನವೂ ತನ್ನ ಭಾಷಣದ ಟಿಪ್ಪಣಿಯನ್ನು ಮೌಸಿನಿಂದಲೇ ಉಳಿಸಿದ್ದ. ಬೆನ್ನಿನ ಹಿಂದೆ ಎಲ್ಲರ ಉಸಿರು ಕೇಳುತ್ತಿತ್ತು. ತೋರುಬೆರಳನ್ನು ಕೋಳಿಯ ಕೊಕ್ಕಿನ ಹಾಗೆ ಮುಂದೆ ಮಾಡಿಕೊಂಡು ಉ ಎಲ್ಲಿದೆ ಎಂದು ಹುಡುಕಿದ. ಸಿಕ್ಕ ಸಂತೋಷಕ್ಕೆ ಜೊತೆಯಲ್ಲಿ ಹಿಡಿಯಬೇಕಾದ ಇನ್ನೊಂದು ಕೀಲಿಯನ್ನು ಮರೆತು ಒತ್ತಿಯೇ ಹಿಡಿದ. ಪರದೆಯ ಮೇಲೆ ಉಉಉಉಉಉ ಎಂದು ಬೀಳತೊಡಗಿತು, ಹೊಟ್ಟೆನೋವು ಬಂದವರು ನರಳಿದ ಹಾಗೆ. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

"ಇರಲಿ, ಈಯಮ್ಮನಿಗೇ ಫೋನ್ ಮಾಡೋಣ. ನಂಬರ್ ಕೊಟ್ಟಿದಾರೆ" ಎಂದರು ಮೇಡಂ. "ಬೇಡ ಮೇಡಂ, ಈಗ ಕೋರ್ಟಲ್ಲಿರ್ತಾರೆ" ಎಂದು ಅವನ ಬಾಯಿಂದ ಜಾರಿಯೇ ಹೋಯಿತು. ಮೇಡಂ ತಿರುಗಿ ನೋಡಿದರು. "ಕೋರ್ಟು ಅಂತ ಎಲ್ಲೂ ಬರೆದಿಲ್ವಲ್ಲ?" "ಭಾಷೆ ನೋಡಿದ್ರೆ ಗೊತ್ತಾಗುತ್ತೆ, ಮೇಡಂ. ಮಾನ್ಯರೇ ಅಂತ ಇದೆ." ತನ್ನ ಜಾಣತನಕ್ಕೆ ತಾನೇ ಅಸಹ್ಯಪಟ್ಟುಕೊಳ್ಳುತ್ತಾ ಬೆವರೊರೆಸಿಕೊಂಡ. ಅಷ್ಟರಲ್ಲಿ ಮೇಜಿನ ನಡುವಿನ ಸ್ಪೀಕರಿನಲ್ಲಿ ಗಂಟೆ ಹೋಗುತ್ತಿತ್ತು. ಎತ್ತಬೇಡ, ಎತ್ತಬೇಡ, ಎಂದೂ ಎತ್ತುವವಳಲ್ಲ ನೀನು, ಇವತ್ತೊಂದು ದಿನ ಎತ್ತಬೇಡ. "ಹಲೋ, ಹೇಳಿ" ಎಂದಳು ಅವಳು. ಹೊರಗಿನವರ ಜೊತೆ ಮಾತಾಡುವ ದನಿ. ಇಸ್ತ್ರಿ ಮಾಡಿದ ಹಾಗೆ ನೇರ. ಈ ದನಿಯ ಹೆಂಗಸನ್ನು ತಾನು ಎಲ್ಲಾದರೂ ಭೇಟಿಯಾಗಿದ್ದರೆ ಹೆದರುತ್ತಿದ್ದೆ ಅನ್ನಿಸಿತು. ಮೇಡಂ ಕಂಪನಿಯ ಹೆಸರು ಹೇಳಿ, ದೂರಿನ ವಿಷಯ ಎತ್ತಿ, ಅವನ ಎದೆ ಇನ್ನೂ ಒಂದು ಬಡಿತ ಬಡಿಯುವ ಮೊದಲೇ, "ಈ ಬದಲಾವಣೆ ಮಾಡಿಸಿದ ನಮ್ಮ ಭಾಷಾತಜ್ಞರು ಇಲ್ಲೇ ಇದಾರೆ, ಅವರೇ ಮಾತಾಡ್ತಾರೆ" ಎಂದು ಸ್ಪೀಕರನ್ನು ಅವನ ಕಡೆ ತಳ್ಳಿದರು.

"ನಮಸ್ಕಾರ" ಎಂದ, ರೇಡಿಯೋದಲ್ಲಿ ವಾರ್ತೆ ಓದುವವರ ದಪ್ಪ ಗಂಟಲಿನಲ್ಲಿ.

ಆ ಕಡೆಯಿಂದ ಸದ್ದಿಲ್ಲ. ದೂರದಲ್ಲಿ ಯಾರೋ ಯಾರನ್ನೋ ಕೂಗುವುದು, ಕುರ್ಚಿ ಎಳೆಯುವುದು ಕೇಳಿಸಿತು. ಲೈನು ಕಟ್ಟಾಯಿತೇನೋ ಎಂದು ಮೇಡಂ ಬಗ್ಗಿದರು.

"ನಮಸ್ಕಾರ" ಎಂದಳು ಕೊನೆಗೆ. "ತಾವೇನಾ?"

"ನಾನೇ."

"ಓ. ಅಂತೂ ಪತ್ತೆಯಾದ್ರಿ."

"ತಮಗಾದ ತೊಂದರೆಗೆ ವಿಷಾದಿಸ್ತೀವಿ."

"ವಿಷಾದ ಪಕ್ಕಕ್ಕಿರಲಿ. ತಾವು ದಿನಾ ಈ ಕೀಲಿಗಳನ್ನ ಬಳಸ್ತೀರಾ?"

"ನಾನು... ಮೌಸ್ ಬಳಸ್ತೀನಿ."

"ಗೊತ್ತಾಯ್ತು. ತಮ್ಮ ಮನೇಲಿ ಬಳಸೋರು ಯಾರಾದ್ರೂ ಇದಾರಾ?"

ಕಡ್ಡಿ ಪೆನ್ನು ಕಚ್ಚಿಕೊಂಡು ಇವನನ್ನೇ ನೋಡುತ್ತಿದ್ದ. "ಇದಾರೆ" ಎಂದ.

"ಅವರನ್ನ ಒಂದು ಮಾತು ಕೇಳಬಹುದಿತ್ತಲ್ಲ?"

"ಕೇಳಬಹುದಿತ್ತು."

"ಯಾಕೆ ಕೇಳಲಿಲ್ಲ?"

"ಕೇಳಿದ್ರೆ ಬೇಡ ಅಂತಿದ್ರು."

ತನ್ನ ಬಾಯಿಂದ ನಿಜ ಇಷ್ಟು ಸಲೀಸಾಗಿ ಬಿದ್ದದ್ದಕ್ಕೆ ಅವನಿಗೇ ಗಾಬರಿಯಾಯಿತು. ಮನೆಯಲ್ಲಿ ಏಕವಚನದಲ್ಲಿ ವರ್ಷಗಟ್ಟಲೆ ಆಡದ ಮಾತು ಇಲ್ಲಿ ಬಹುವಚನದಲ್ಲಿ, ಜನರೆದುರು, ಕಂಪನಿಯ ಖರ್ಚಿನಲ್ಲಿ ಹೊರಬರುತ್ತಿತ್ತು. ಹಾಗೆಂದು ಸುಮ್ಮನೆ ಸೋಲುವುದಕ್ಕೂ ಮನಸ್ಸು ಬರಲಿಲ್ಲ. ರೇಡಿಯೋದ ಗಂಟಲು ಬಿಟ್ಟು ಸ್ವಂತ ಗಂಟಲಿಗೆ ಇಳಿದು ಹೇಳಿದ: "ಆದರೆ ಒಂದು ಯೋಚನೆ ಮಾಡಿ. ಇಂಗ್ಲಿಷೇ ಬರದವರು ಇವತ್ತು ಹೊಸದಾಗಿ ಕಲಿಯೋಕೆ ಕೂರ್ತಾರೆ. ಅವರಿಗೆ ಎಸ್ ಅಂದ್ರೆ ಏನರ್ಥ? ಅರ್ಥ ಇಲ್ಲದ್ದನ್ನ ಬಾಯಿಪಾಠ ಮಾಡಿ ಅನ್ನೋದು ಸರೀನಾ?"

ಅವಳು ಯೋಚಿಸುವಾಗ ನಾಲಗೆಯನ್ನು ಹಲ್ಲಿಗೆ ತಾಗಿಸಿ ಮಾಡುವ ಸಣ್ಣ ಸದ್ದು ಸ್ಪೀಕರಿನಲ್ಲಿ ಕೇಳಿಸಿತು. "ಅದೂ ನಿಜ. ಹೊಸಬರಿಗೆ ಕೊಡಿ. ಬೇಕಾ ಅಂತ ಕೇಳಿ ಕೊಡಿ. ಇರೋರ ಕೈಯಿಂದ ಕಿತ್ಕೋಬೇಡಿ. ನನಗೂ ಮೊದಲ ದಿನ ಎಸ್ ಅಂದ್ರೆ ಸೇವ್ ಅಂತ ಅರ್ಥ ಇತ್ತು. ಎರಡನೇ ತಿಂಗಳಿಗೆ ಅರ್ಥ ಹೋಗಿ ಬರೀ ಜಾಗ ಉಳೀತು. ಉಳಿದಿದ್ದು ಅದೇ ನೋಡಿ."

"ಮೇಡಂ, ಅಳಿಸೋ ಮುಂಚೆ ನಾವು 'ಖಚಿತವೇ?' ಅಂತ ಕೇಳ್ತೀವಲ್ಲ" ಎಂದು ಕಡ್ಡಿ ಸ್ಪೀಕರಿನತ್ತ ಬಗ್ಗಿ ಬಾಯಿ ಹಾಕಿದ.

"ಕೇಳ್ತೀರಿ. ಹೊಸ ಪುಟ ಬೇಕಾದಾಗಲೂ ಅದನ್ನೇ ಕೇಳ್ತಿದ್ರಿ, ಎಂಟರ್ ಒತ್ತೋದು ಕೈಗೆ ಅಭ್ಯಾಸ. ನಿನ್ನೆ ಒಬ್ಬ ಹೆಂಗಸು ಸಾಕ್ಷಿ ಹೇಳ್ತಿದ್ದಳು. ಯಾರು ಏನು ಅಂತ ಹೇಳೋ ಹಾಗಿಲ್ಲ. ಲಾಂಡ್ರಿಯಲ್ಲಿ ಕೆಲಸ ಮಾಡೋಳು. ತುಂಬಾ ದಿನ ಕೋರ್ಟಿಗೆ ಬಂದು ಬಾಯಿ ಬಿಡದೆ ವಾಪಸ್ ಹೋಗ್ತಿದ್ದಳು. ನಿನ್ನೆ ಹೇಳಿದಳು. ಪೂರ್ತಿ ಹೇಳಿದಳು. ಅಳ್ತಾ ಹೇಳಿದಳು. ಜಡ್ಜು ನೀರು ತರಿಸಿದ್ರು. ನಾನು ಮುಂದಿನ ಪುಟ ಅಂತ ಎ ಒತ್ತಿದೆ, ಆ ಜಾಗದಲ್ಲಿ ಈಗ ಅ ಇದೆ, ಎಲ್ಲ ಹೋಯ್ತು. ಇನ್ನೊಂದ್ಸಲ ಹೇಳಮ್ಮಾ ಅಂದ್ರು." ಒಂದು ಉಸಿರು ತೆಗೆದುಕೊಂಡಳು. "ಹೇಳಿದಳು. ಎರಡನೇ ಸಲ ಅಳಲಿಲ್ಲ. ಕಡಿಮೆ ಹೇಳಿದಳು."

"ಅ ಅಂದ್ರೆ ಅಳಿಸು ಅಂತ ತಾವು ಇಟ್ಟಿದ್ದೀರಲ್ಲ," ಎಂದಳು ಅವಳು, ಈಗ ಅವನೊಬ್ಬನಿಗೇ ಎಂಬಂತೆ, "ಪದ ಸರಿಯಾಗೇ ಇದೆ. ನನ್ನ ಕರೀತಿದಾರೆ, ಇಡ್ತೀನಿ."

ಮೇಡಂ ತೀರ್ಮಾನಿಸುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಳೆಯ ಕೀಲಿಗಳು ಎಲ್ಲರಿಗೂ ವಾಪಸ್; ಕನ್ನಡದ ಕೀಲಿ ಬೇಕೆಂದು ಕೇಳಿದವರಿಗೆ ಮಾತ್ರ ಅದು; ಯಾವುದೇ ಭಾಷೆಯಲ್ಲಾಗಲಿ ಅಳಿಸಿದ್ದು ಕೂಡಲೇ ನಾಶವಾಗದೆ ಕೆಲವು ದಿನ ಒಂದು ಬುಟ್ಟಿಯಲ್ಲಿ ಬಿದ್ದಿರಬೇಕು. "ಈ ಬುಟ್ಟಿ ಮೊದಲೇ ಯಾಕೆ ಇರಲಿಲ್ಲ?" ಎಂದು ಅವರು ಕೇಳಿದಾಗ ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅಕ್ಷರಗಳ ಮೇಲೆ ಮೇಜು ಗುದ್ದಿ ಜಗಳವಾಡುವಾಗ ಬುಟ್ಟಿಯ ಮಾತು ಯಾರಿಗೂ ನೆನಪಾಗಿರಲಿಲ್ಲ. ಅವನ ಬದುಕಿನ ಏಕಮಾತ್ರ ವಿಜಯವನ್ನು ಕಡ್ಡಿ ಚಹಾ ಕುಡಿಯುತ್ತಾ ಒಂದೇ ಕೈಯಲ್ಲಿ ಹಿಂದೆ ತೆಗೆದ. ಚಹಾ ಇನ್ನೂ ಬಿಸಿಯಿತ್ತು. ಆಮೇಲೆ ಕುರ್ಚಿಯನ್ನು ಇವನ ಪಕ್ಕಕ್ಕೆ ಉರುಳಿಸಿಕೊಂಡು ಬಂದು, "ಸರ್, ನೀವು ಹೇಳಿದ್ದು ಪೂರ್ತಿ ತಪ್ಪೇನಲ್ಲ. ಪರೀಕ್ಷೆಗೆ ಅಂತ ಮೊದಲೇ ಮನೇಲಿ ಹಾಕಿದ್ದೆ, ನಮ್ಮಜ್ಜಿ ನಿಮ್ಮ ಕೀಲೀಲೇ ಕಲಿತಿದಾಳೆ. ಉ, ಅ, ಸ ಅಂತ ಜೋರಾಗಿ ಹೇಳ್ಕೊಂಡು ಒತ್ತಾಳೆ. ದಿನಾ ನನಗೆ ಬೈಗುಳ ಟೈಪ್ ಮಾಡಿ ಕಳಿಸ್ತಾಳೆ. ಅಜ್ಜಿಗೆ ಅದನ್ನೇ ಬಿಟ್ಟಿದೀನಿ" ಎಂದ. ಎದ್ದು ಹೋಗುವ ಮುಂಚೆ, ಏನೂ ಗೊತ್ತಿಲ್ಲದವನ ಹಾಗೆ ಕಿಟಕಿಯ ಕಡೆ ನೋಡುತ್ತಾ, "ಅವರ ದನಿ ಚೆನ್ನಾಗಿದೆ ಸರ್" ಎಂದೂ ಸೇರಿಸಿದ. ಬಳಕೆದಾರರಿಗೆ ಪ್ರಕಟಣೆ ಬರೆಯುವ ಕೆಲಸ ಪಂಡಿತನಿಗೇ ಬಿತ್ತು. ವಿಷಾದಿಸುತ್ತೇವೆ ಎಂದು ಬರೆದ, ಹೊಡೆದು ಹಾಕಿದ. ಕ್ಷಮೆ ಕೋರುತ್ತೇವೆ ಎಂದು ಬರೆದ. 'ತ್ತೇವೆ' ಎನ್ನುವಲ್ಲಿ ಕಂಪನಿಯವರೆಲ್ಲ ಸಾಲಾಗಿ ನಿಂತು ಅವನನ್ನು ಹಿಂದಕ್ಕೆ ತಳ್ಳಿ ಮರೆಮಾಡುತ್ತಿದ್ದರು. ಕೊನೆಗೆ, 'ಕೀಲಿಗಳು ಮೊದಲಿದ್ದ ಜಾಗದಲ್ಲೇ ಇವೆ' ಎಂದಷ್ಟೇ ಬರೆದು, ಮೌಸಿನಿಂದ ಉಳಿಸಿ, ಬೇಗ ಎದ್ದ.

ಕೋರ್ಟಿನ ಮೆಟ್ಟಿಲ ಹತ್ತಿರ ಅವನು ಎಂದೂ ಬಂದು ನಿಂತವನಲ್ಲ. ಬಿಸಿಲು ಇಳಿದಿತ್ತು. ಕರಿಕೋಟುಗಳು, ಫೈಲುಗಳು, ಯಾರದೋ ತೋಳು ಹಿಡಿದು ಇಳಿಸುತ್ತಿದ್ದವರು, ಗೆದ್ದವರು, ಸೋತವರು ಎಲ್ಲ ಒಂದೇ ಬಾಗಿಲಿಂದ ಹೊರಬಿದ್ದು ಒಂದೇ ಥರ ಮುಖ ಒರೆಸಿಕೊಳ್ಳುತ್ತಿದ್ದರು. ಅವಳು ಇಳಿದು ಬಂದು, ಅವನನ್ನು ನೋಡಿ, ಕೊನೆಯ ಮೆಟ್ಟಿಲ ಮೇಲೆ ನಿಂತಳು. ಹಾಗೆ ನಿಂತಾಗ ಅವನಿಗಿಂತ ಎತ್ತರ ಕಾಣುತ್ತಿದ್ದಳು.

"ತಾವು ಇಲ್ಲಿ?"

"ಸಾಕು ಬಿಡು."

"ಬಿಡ್ತೀನಾ? ಬೆಳಿಗ್ಗೆ ಒಸಡು ಕಿತ್ತು ಬರೋ ಹಾಗೆ ಉಜ್ಜಿದ್ದು ಯಾಕೆ ಅಂತ ಈಗ ಅರ್ಥ ಆಯ್ತು." ನಗುತ್ತಾಳೋ ಎಂದು ನೋಡಿದ, ನಗಲಿಲ್ಲ. ಆದರೆ ಕೈಯಲ್ಲಿದ್ದ ಚೀಲವನ್ನು ಅವನ ಕೈಗೆ ತುರುಕಿದಳು. ಇಬ್ಬರೂ ಬಸ್ಸು ಹಿಡಿಯದೆ ನಡೆದರು. ಅಂಗಡಿಗಳ ಮುಂದಿನ ಕಾಲುದಾರಿ ಕಿರಿದಾಗಿದ್ದು ಎದುರಿನವರಿಗೆ ಜಾಗ ಬಿಡುವಾಗಲೆಲ್ಲ ಅವನು ಹಿಂದಾಗುತ್ತಿದ್ದ, ಮತ್ತೆ ಓಡಿ ಪಕ್ಕಕ್ಕೆ ಬರುತ್ತಿದ್ದ. ಕ್ಷಮಿಸು ಎಂಬ ಪದವನ್ನು ಎಷ್ಟೋ ಪುಟಗಳಿಗೆ ಎಷ್ಟೋ ರೀತಿಯಲ್ಲಿ ತರ್ಜುಮೆ ಮಾಡಿಕೊಟ್ಟವನಿಗೆ ಈಗ ಅದರ ಒಂದು ರೂಪವೂ ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ ಪ್ರಶ್ನೆ. "ಎರಡನೇ ಸಲ ಅವಳು ಏನು ಬಿಟ್ಟಳು?"

ಅವಳು ಹಾಗೇ ನಡೆಯುತ್ತಿದ್ದಳು. "ನನಗೆ ನೆನಪಿದೆ, ಅಕ್ಷರ ಅಕ್ಷರ. ಜಡ್ಜಿಗೂ ಹೇಳಿದೆ, ಮೊದಲು ಹೀಗೆ ಹೇಳಿದ್ರು ಸರ್ ಅಂತ. 'ಟೈಪಿಸ್ಟು ಸಾಕ್ಷಿ ಅಲ್ಲಮ್ಮ' ಅಂದ್ರು. ಅದೂ ಸರಿನೇ. ಪುಟದಲ್ಲಿ ಇಲ್ಲ ಅಂದ್ರೆ ಹೇಳಿಲ್ಲ ಅಂತಲೇ." ಒಂದು ಗಲ್ಲಿ ದಾಟಿದ ಮೇಲೆ ದನಿ ತಗ್ಗಿಸಿ ಹೇಳಿದಳು. "ಅವಳ ಭಾವ. ಗಂಡನ ಅಣ್ಣ. ಯಾವಾಗಲೂ ಮನೇಲಿ ಯಾರೂ ಇಲ್ಲದಾಗ ಬರೋನು. ಹೊಡೆದಿದ್ದು, ಕತ್ತು ಹಿಡಿದಿದ್ದು, ಅದೆಲ್ಲ ಎರಡು ಸಲಾನೂ ಹೇಳಿದಳು. ಬಿಟ್ಟಿದ್ದು ಒಂದು ಸಣ್ಣ ವಿಷಯ. ಪ್ರತಿ ಸಲ ಒಳಗೆ ಬರೋ ಮುಂಚೆ ಅವನು ಬಾಗಿಲಲ್ಲಿ ನಿಂತು ಕಾಲು ಒರೆಸ್ಕೋತಿದ್ನಂತೆ. ಚೆನ್ನಾಗಿ, ಒಂದೊಂದೇ ಕಾಲು, ಒಳ್ಳೇ ಮನೆಯವರ ಹಾಗೆ. ಒಳಗಡೆ ಅವಳು ಇಸ್ತ್ರಿಪೆಟ್ಟಿಗೆ ಹಿಡ್ಕೊಂಡು ಆ ಸದ್ದು ಕೇಳ್ತಾ ನಿಂತಿರೋಳಂತೆ. ಅದನ್ನ ಹೇಳೋವಾಗಲೇ ಅವಳು ಅತ್ತಿದ್ದು. ಹೊಡೆದಿದ್ದಕ್ಕಲ್ಲ."

"ನನ್ನೊಬ್ಬಳ ಹತ್ತಿರ ಇದ್ದರೆ ಆಗಲ್ಲ," ಎಂದಳು. "ನೀನೂ ಇಟ್ಕೋ."

ಮನೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಅವನ ಬೂಟಿಗೆ ಅಗೆದ ದಾರಿಯ ಮಣ್ಣೆಲ್ಲ ಮೆತ್ತಿಕೊಂಡಿತ್ತು. ಅವಳು ಬೀಗ ತೆಗೆದು ಒಳಗೆ ಹೋಗಿ ದೀಪ ಹಾಕಿದಳು. ಬಾಗಿಲ ಮುಂದೆ ನಾರಿನ ಕಾಲೊರಸು, ಅಂಚು ಸವೆದದ್ದು, ಎಂದಿನ ಜಾಗದಲ್ಲೇ ಬಿದ್ದಿತ್ತು. ಅವನ ಬಲಗಾಲು ಅದರ ಮೇಲೆ ಹೋಗಲೆಂದು ಎದ್ದದ್ದು ಗಾಳಿಯಲ್ಲೇ ನಿಂತಿತು. ಒಳಗೆ ಅವಳು ಬೆನ್ನು ತಿರುಗಿಸಿ ನಿಂತಿದ್ದಳು. ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಬೂಟು ಬಿಚ್ಚುವುದನ್ನೂ ಮರೆತು, ಚೀಲವನ್ನು ಎದೆಗೆ ಒತ್ತಿ ಹಿಡಿದು, ಕಾಲು ಅಗಲಿಸಿ, ಕಾಲೊರಸನ್ನು ದಾಟಿ ಹೆಜ್ಜೆ ಒಳಗಿಟ್ಟ. ಒರೆಸಿ ಹೊಳೆಯುತ್ತಿದ್ದ ನೆಲದ ಮೇಲೆ ಮಣ್ಣಿನ ಹೆಜ್ಜೆ ಒಂದಾದ ಮೇಲೊಂದು ಬಿದ್ದವು. ಅವಳು ತಿರುಗಿ ಆ ಹೆಜ್ಜೆಗಳನ್ನು ನೋಡಿದಳು, ಅವನನ್ನು ನೋಡಿದಳು. ಚೀಲ ತೆಗೆದುಕೊಂಡು ಅಡುಗೆಮನೆಗೆ ಹೋದಳು.